ಗಣಕಪ್ರಿಯರ ನಡುವಿನ ನಿಷ್ಠುರ ಟೀಕಾಕಾರರು: ಅರ್ಧ ಶತಮಾನದ ಸಮೀಕ್ಷೆ

ಕಂಪ್ಯೂಟರನ್ನು ಕೆಲಸಕ್ಕಷ್ಟೇ ಬಳಸುವವರು ಒಂದು ಬಗೆ. ಅದನ್ನು ಬಿಚ್ಚಿ, ಜೋಡಿಸಿ, ಅಳೆದು, ತಿದ್ದಿ ನೋಡುವುದರಲ್ಲೇ ಆನಂದ ಕಾಣುವ ಹವ್ಯಾಸಿಗಳು ಇನ್ನೊಂದು ಬಗೆ. ಈ ಎರಡನೆಯ ಬಗೆಯವರನ್ನು ಇಲ್ಲಿ ಗಣಕಪ್ರಿಯರು ಎಂದು ಕರೆಯಲಾಗಿದೆ. ಔಷಧದ ಗುಣವನ್ನಾಗಲಿ ಸೇತುವೆಯ ಬಲವನ್ನಾಗಲಿ ಸಾಮಾನ್ಯ ನಾಗರಿಕನು ತನ್ನ ಮನೆಯಲ್ಲಿ ಕುಳಿತು ಅಳೆಯಲಾರ. ಆದರೆ ಒಂದು ಪ್ರೊಸೆಸರ್ ಭಾಗಾಕಾರವನ್ನು ಸರಿಯಾಗಿ ಮಾಡುತ್ತದೆಯೇ, ಒಂದು ಗ್ರಾಫಿಕ್ಸ್ ಕಾರ್ಡಿನಲ್ಲಿ ತಯಾರಕರು ಹೇಳಿದಷ್ಟು ಮೆಮೊರಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆಯೇ, ಒಂದು ತಂತ್ರಾಂಶ ಬಳಕೆದಾರನಿಗೆ ತಿಳಿಯದಂತೆ ಹೊರಗೆ ಮಾಹಿತಿ ಕಳುಹಿಸುತ್ತದೆಯೇ ಎಂಬುದನ್ನು ಆಸಕ್ತಿ ಮತ್ತು ತಾಳ್ಮೆ ಇರುವ ಯಾರು ಬೇಕಾದರೂ ತಮ್ಮ ಮೇಜಿನ ಮೇಲೆಯೇ ಪರೀಕ್ಷಿಸಬಹುದು. ಗಣಕಪ್ರಿಯರ ಸಮುದಾಯಗಳಲ್ಲಿ ಟೀಕೆಗೆ ದೊರೆತಿರುವ ವಿಶೇಷ ಬಲದ ಮೂಲ ಇರುವುದು ಇಲ್ಲಿಯೇ: ಟೀಕಾಕಾರನ ಮಾತನ್ನು ನಂಬುವ ಅಗತ್ಯ ಯಾರಿಗೂ ಇಲ್ಲ, ಅವನು ಮಾಡಿದ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರೆ ಸಾಕು.

ಯಥಾರ್ಥವಾದಿಯನ್ನು ಲೋಕವಿರೋಧಿಯೆಂದು ಕರೆಯುವ ವಾಡಿಕೆ ಕನ್ನಡದಲ್ಲಿ ಹಳೆಯದು, ಮತ್ತು ಗಣಕಪ್ರಿಯರ ಲೋಕವೂ ತನ್ನ ಯಥಾರ್ಥವಾದಿಗಳನ್ನು ಬಹುತೇಕ ಹಾಗೆಯೇ ನಡೆಸಿಕೊಂಡಿದೆ. ಆದರೂ 1975ರಿಂದ ಈಚೆಗಿನ ಅರ್ಧ ಶತಮಾನದ ದಾಖಲೆಗಳನ್ನು ಒಟ್ಟಾಗಿ ಇಟ್ಟು ನೋಡಿದಾಗ, ಈ ಕ್ಷೇತ್ರದ ಹಲವು ದೊಡ್ಡ ತಿದ್ದುಪಡಿಗಳ ಹಿಂದೆ ಆ ಹೊತ್ತಿಗೆ ಯಾರಿಗೂ ಬೇಡವಾಗಿದ್ದ ಒಬ್ಬ ಟೀಕಾಕಾರ ಇದ್ದುದು ಸ್ಪಷ್ಟವಾಗುತ್ತದೆ. ಅಂಥವರ ಬೆಲೆ ಅವರ ಮಾತಿನ ಖಾರದಿಂದ ಬಂದದ್ದಲ್ಲ. ಅವರು ಇತರರು ಪರೀಕ್ಷಿಸಬಲ್ಲ ಒಂದು ನಿರ್ದಿಷ್ಟ ಹೇಳಿಕೆಯನ್ನು ಮುಂದಿಟ್ಟದ್ದರಿಂದ ಮತ್ತು ಅದನ್ನು ಮುಂದಿಡುವಷ್ಟು ಸ್ವತಂತ್ರರಾಗಿದ್ದುದರಿಂದ ಬಂದದ್ದು. ಖಾರ ಮತ್ತು ಸ್ವಾತಂತ್ರ್ಯ ಇವೆರಡನ್ನೂ ಒಂದೇ ಎಂದು ಭಾವಿಸಿದಾಗ ಸಮುದಾಯಗಳು ಒರಟರನ್ನು ಸಹಿಸಿಕೊಂಡು ಸತ್ಯ ಹೇಳುವವರನ್ನು ಕಳೆದುಕೊಂಡಿವೆ, ಕೆಲವೊಮ್ಮೆ ಅದಕ್ಕೆ ತದ್ವಿರುದ್ಧವಾಗಿಯೂ ನಡೆದುಕೊಂಡಿವೆ.

ವೈಯಕ್ತಿಕ ಕಂಪ್ಯೂಟರಿನ ಚರಿತ್ರೆಯ ಮೊದಲ ಪುಟದಲ್ಲೇ ಇಂಥದೊಂದು ವಿವಾದವಿದೆ. 1975ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಸೇರಿದಾಗ ಅಲ್ಲಿದ್ದವರ ಗಮನವೆಲ್ಲ ಬಿಡಿಭಾಗಗಳ ರೂಪದಲ್ಲಿ ಬರುತ್ತಿದ್ದ ಆಲ್ಟೇರ್ 8800 ಯಂತ್ರದ ಮೇಲಿತ್ತು. ಆ ಯಂತ್ರಕ್ಕಾಗಿ ಬರೆಯಲಾಗಿದ್ದ ಬೇಸಿಕ್ ಭಾಷೆಯ ತಂತ್ರಾಂಶ ರಂಧ್ರಗಳುಳ್ಳ ಕಾಗದದ ಸುರುಳಿಯ ಮೇಲೆ ಬರುತ್ತಿತ್ತು, ಮತ್ತು ಹವ್ಯಾಸಿಗಳು ಅದನ್ನು ಪ್ರತಿ ಮಾಡಿ ಧಾರಾಳವಾಗಿ ಹಂಚಿಕೊಳ್ಳುತ್ತಿದ್ದರು. 1976ರ ಫೆಬ್ರವರಿಯಲ್ಲಿ ಆ ಬೇಸಿಕ್ ಬರೆದವರಲ್ಲಿ ಒಬ್ಬರಾದ ಇಪ್ಪತ್ತು ವರ್ಷದ ಬಿಲ್ ಗೇಟ್ಸ್ ಹವ್ಯಾಸಿಗಳನ್ನು ಉದ್ದೇಶಿಸಿ ಬರೆದ ಬಹಿರಂಗ ಪತ್ರದಲ್ಲಿ, ಆಲ್ಟೇರ್ ಕೊಂಡವರಲ್ಲಿ ಶೇಕಡಾ ಹತ್ತಕ್ಕಿಂತ ಕಡಿಮೆ ಜನ ಮಾತ್ರ ಬೇಸಿಕ್‌ಗೆ ಹಣ ಕೊಟ್ಟಿದ್ದಾರೆಂದು ಹೇಳಿ, ಉಳಿದವರು ಮಾಡುತ್ತಿರುವುದು ಕಳವು ಎಂದು ನೇರವಾಗಿ ಆಪಾದಿಸಿದರು. ಹವ್ಯಾಸಿಗಳ ಕಡೆಯೂ ಉತ್ತರವಿಲ್ಲದೆ ಇರಲಿಲ್ಲ: ಆಲ್ಟೇರ್ ತಯಾರಿಸುತ್ತಿದ್ದ ಕಂಪನಿಯ ಮೆಮೊರಿ ಬೋರ್ಡುಗಳು ನಂಬುವಂತಿರಲಿಲ್ಲ, ಆದರೆ ಆ ಬೋರ್ಡುಗಳನ್ನು ಕೊಳ್ಳದವರಿಗೆ ಬೇಸಿಕ್‌ನ ಬೆಲೆ ಬಹಳ ದುಬಾರಿಯಾಗುತ್ತಿತ್ತು. ಈ ಜಗಳದಲ್ಲಿ ಯಾರೂ ಪೂರ್ತಿ ಗೆಲ್ಲಲಿಲ್ಲ. ತಂತ್ರಾಂಶವೂ ಒಂದು ದುಡಿಮೆ, ಅದಕ್ಕೂ ಬೆಲೆಯಿದೆ ಎಂಬ ಮಾತು ಬೇರೂರಿತು. ಜೊತೆಗೆ, ಆಗಲೇ ಆರಂಭವಾಗಿದ್ದ ಟೈನಿ ಬೇಸಿಕ್ ಎಂಬ ಪುಟ್ಟ ಹಾಗೂ ಮುಕ್ತವಾಗಿ ಹಂಚಬಹುದಾದ ತಂತ್ರಾಂಶದ ಪ್ರಯತ್ನಕ್ಕೂ ಬಲ ಬಂದಿತು. ಇಂದಿನ ಮುಕ್ತ ತಂತ್ರಾಂಶದ ಚರ್ಚೆಗಳ ಬಹುಪಾಲು ಅಂದಿನ ಈ ಎರಡು ನಿಲುವುಗಳ ನಡುವೆಯೇ ನಡೆಯುತ್ತಿರುವಂತೆ ತೋರುತ್ತದೆ.

ಟೀಕೆಯು ಪರೀಕ್ಷೆಯ ರೂಪ ತಾಳಿದಾಗ ಅದಕ್ಕೆ ಎಂಥ ಶಕ್ತಿ ಬರುತ್ತದೆ ಎಂಬುದಕ್ಕೆ 1994ರ ಪೆಂಟಿಯಂ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ, ಎಂದರೆ ಎರಡರ ಅಂತರದಲ್ಲಿ ಬರುವ 11 ಮತ್ತು 13ರಂಥ ಅವಿಭಾಜ್ಯ ಜೋಡಿಗಳ, ವ್ಯುತ್ಕ್ರಮಗಳನ್ನು ಕೂಡುವ ದೀರ್ಘ ಲೆಕ್ಕವೊಂದನ್ನು ಹಲವು ಯಂತ್ರಗಳ ಮೇಲೆ ನಡೆಸುತ್ತಿದ್ದಾಗ, ಹೊಸದಾಗಿ ಸೇರಿಸಿದ ಪೆಂಟಿಯಂ ಯಂತ್ರದ ಉತ್ತರಗಳು ಉಳಿದವುಗಳೊಡನೆ ಹೊಂದುತ್ತಿರಲಿಲ್ಲ. ಅವರು ಮೊದಲು ತಮ್ಮ ಪ್ರೋಗ್ರಾಮನ್ನು, ಆಮೇಲೆ ಅದನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರನ್ನು, ಅದರ ನಂತರ ಕಂಪ್ಯೂಟರಿನ ಇತರ ಭಾಗಗಳನ್ನು ಒಂದೊಂದಾಗಿ ಅನುಮಾನಿಸಿ, ಪರೀಕ್ಷಿಸಿ, ಕೈಬಿಟ್ಟು, ತಿಂಗಳುಗಳ ನಂತರ ಉಳಿದ ಒಂದೇ ಸಾಧ್ಯತೆಯಾದ ಪ್ರೊಸೆಸರಿಗೆ ಬಂದು ನಿಂತರು. ಇಂಟೆಲ್‌ಗೆ ತಿಳಿಸಿ ಸಮಾಧಾನಕರ ಉತ್ತರ ಬಾರದಿದ್ದಾಗ ಅಕ್ಟೋಬರ್ ಕೊನೆಯಲ್ಲಿ ಕೆಲವು ಪರಿಚಿತರಿಗೆ ಇಮೇಲ್ ಕಳುಹಿಸಿ, ಅವರವರ ಯಂತ್ರಗಳ ಮೇಲೆ ಪರೀಕ್ಷಿಸುವಂತೆ ಕೋರಿದರು.

ಮುಂದಿನದೆಲ್ಲ ಆ ಕೋರಿಕೆಯಿಂದಲೇ ಹೊರಟಿತು. ಕೆಲವೇ ದಿನಗಳಲ್ಲಿ ಹಲವು ಕಡೆಯ ಗಣಕಪ್ರಿಯರು ಅದೇ ತಪ್ಪನ್ನು ಕಂಡರು; 4195835 ಎಂಬ ಸಂಖ್ಯೆಯನ್ನು 3145727ರಿಂದ ಭಾಗಿಸಿದರೆ ಬರಬೇಕಾದ 1.33382 ಎಂಬ ಉತ್ತರದ ಬದಲು ಪೆಂಟಿಯಂ 1.33373 ಎಂದು ಕೊಡುತ್ತದೆ ಎಂಬ ಸರಳ ಉದಾಹರಣೆ ಸಿಕ್ಕ ಮೇಲೆ, ಲೆಕ್ಕದ ಹಾಳೆ ತೆರೆಯಬಲ್ಲ ಯಾರು ಬೇಕಾದರೂ ಒಂದು ನಿಮಿಷದಲ್ಲಿ ತಮ್ಮ ಯಂತ್ರವನ್ನು ಪರೀಕ್ಷಿಸಬಹುದಾಯಿತು. ಚಿಪ್ಪಿನೊಳಗೆ ಭಾಗಾಕಾರದ ವೇಗಕ್ಕಾಗಿ ಇಟ್ಟಿದ್ದ ಕೋಷ್ಟಕವೊಂದರಲ್ಲಿ ಬೇಕಾಗಿದ್ದ ಐದು ನಮೂದುಗಳು ಖಾಲಿ ಉಳಿದದ್ದು ದೋಷಕ್ಕೆ ಕಾರಣವಾಗಿತ್ತು. ಆ ದೋಷ ಇಂಟೆಲ್‌ಗೆ ಮೊದಲೇ ಗೊತ್ತಿತ್ತು. ಸಾಧಾರಣ ಬಳಕೆದಾರನಿಗೆ ಇಂಥ ತಪ್ಪು ಎದುರಾಗುವುದು 27,000 ವರ್ಷಗಳಿಗೊಮ್ಮೆ ಎಂದು ಲೆಕ್ಕ ಕೊಟ್ಟ ಕಂಪನಿ, ತಮಗೆ ಅದರಿಂದ ತೊಂದರೆಯಿದೆ ಎಂದು ತೋರಿಸಿದವರಿಗೆ ಮಾತ್ರ ಚಿಪ್ ಬದಲಿಸಿಕೊಡುವುದಾಗಿ ಹೇಳಿತು. ಐಬಿಎಂ ತನ್ನದೇ ಲೆಕ್ಕ ಹಾಕಿ, ಹೆಚ್ಚು ಗಣನೆ ಮಾಡುವವರಿಗೆ 24 ದಿನಗಳಿಗೊಮ್ಮೆ ತಪ್ಪು ಬರಬಹುದೆಂದು ಸಾರಿ ಡಿಸೆಂಬರ್ 12ರಂದು ಪೆಂಟಿಯಂ ಯಂತ್ರಗಳ ಸಾಗಣೆ ನಿಲ್ಲಿಸಿತು. ಎಂಟು ದಿನಗಳ ನಂತರ ಇಂಟೆಲ್ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಒಪ್ಪಿ, ಅದಕ್ಕಾಗಿ 47.5 ಕೋಟಿ ಡಾಲರುಗಳ ನಷ್ಟ ತೋರಿಸಬೇಕಾಯಿತು.

ನೈಸ್ಲಿ ಬಿರುನುಡಿಯವರಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅವರ ಪತ್ರದಲ್ಲಿ ಕೋಪವಿಲ್ಲ, ಬರಿಯ ವಿವರಣೆಯಿದೆ. ಆದರೂ ಅವರದು ನಿಷ್ಠುರವಾದ ಟೀಕೆ, ಏಕೆಂದರೆ ಜಗತ್ತಿನ ಅತಿದೊಡ್ಡ ಚಿಪ್ ತಯಾರಕನ ಮೌನಕ್ಕೆ ಅವರು ಮಣಿಯಲಿಲ್ಲ. ಚಿಪ್ಪುಗಳ ತಿಳಿದ ದೋಷಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದು ಇಂದು ಪ್ರೊಸೆಸರ್ ಉದ್ಯಮದ ಮಾಮೂಲಿ ಪದ್ಧತಿಯಾಗಿದೆ. ಅದು ನೆಲೆಗೊಳ್ಳುವುದರಲ್ಲಿ ಈ ಪ್ರಕರಣದ ಪಾಲು ದೊಡ್ಡದು.

ಗ್ರಾಫಿಕ್ಸ್ ಕಾರ್ಡುಗಳ ಕ್ಷೇತ್ರ ಇದಕ್ಕಿಂತ ಗದ್ದಲದ್ದು, ಏಕೆಂದರೆ ಅಲ್ಲಿ ಅಳತೆಯೇ ಜಾಹೀರಾತು. ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರಗಳನ್ನು, ಎಂದರೆ ಫ್ರೇಮುಗಳನ್ನು, ಬಿಡಿಸುತ್ತದೆ ಎಂಬ ಒಂದೇ ಸಂಖ್ಯೆಯ ಮೇಲೆ ಕೋಟಿಗಟ್ಟಲೆ ವ್ಯಾಪಾರ ನಿಂತಿರುವುದರಿಂದ, ಆ ಸಂಖ್ಯೆಯನ್ನು ಉಬ್ಬಿಸುವ ಆಸೆ ತಯಾರಕರನ್ನು ಸದಾ ಕಾಡಿದೆ. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಚಾಲನೆಯಲ್ಲಿರುವ ಆಟದ ಹೆಸರು ಕ್ವೇಕ್ ಎಂದು ಕಂಡರೆ ಚಿತ್ರದ ಗುಣಮಟ್ಟ ತಗ್ಗಿಸಿ ವೇಗ ಹೆಚ್ಚಿಸುತ್ತಿದ್ದುದನ್ನು ಹಾರ್ಡ್‌ಓಸಿಪಿ ಎಂಬ ಹವ್ಯಾಸಿ ಪ್ರಕಾಶನ ಬಯಲು ಮಾಡಿತು. ಆ ಆಟದ ಕಡತದಲ್ಲಿ ಕ್ವೇಕ್ ಎಂದಿದ್ದ ಹೆಸರನ್ನು ಕ್ವ್ಯಾಕ್ ಎಂದು ಬದಲಿಸಿ ಓಡಿಸಿದಾಗ ವೇಗ ಇಳಿದು ಚಿತ್ರ ಸ್ಪಷ್ಟವಾಗುತ್ತಿತ್ತು. ಇಷ್ಟು ಅಗ್ಗದ ಮತ್ತು ಇಷ್ಟು ನಿರ್ಣಾಯಕವಾದ ಪರೀಕ್ಷೆ ಟೀಕೆಯ ಚರಿತ್ರೆಯಲ್ಲಿ ವಿರಳ. 2014ರಲ್ಲಿ 4 ಜಿಬಿ ಮೆಮೊರಿಯದೆಂದು ಮಾರಾಟವಾದ ಎನ್‌ವಿಡಿಯಾದ ಜಿಟಿಎಕ್ಸ್ 970 ಕಾರ್ಡಿನಲ್ಲಿ 3.5 ಜಿಬಿ ಮಾತ್ರ ಪೂರ್ಣ ವೇಗದ್ದೆಂದೂ ಉಳಿದ ಅರ್ಧ ಜಿಬಿ ಬಹಳ ನಿಧಾನದ್ದೆಂದೂ ಕೊಂಡವರೇ ಅಳೆದು ಕಂಡುಹಿಡಿದ ಮೇಲೆ, ಕಂಪನಿಯು 2015ರ ಜನವರಿಯಲ್ಲಿ ತಾನು ಕೊಟ್ಟ ವಿವರಗಳಲ್ಲಿ ತಪ್ಪಿದ್ದುದನ್ನು ಒಪ್ಪಿಕೊಂಡಿತು. ಮರುವರ್ಷ ಅಮೆರಿಕದ ಮೊಕದ್ದಮೆಯ ರಾಜಿಯಲ್ಲಿ ಕಾರ್ಡೊಂದಕ್ಕೆ 30 ಡಾಲರ್ ಕೊಡಲು ಸಮ್ಮತಿಸಿತು.

ಇವು ಸುಳ್ಳನ್ನೋ ತಪ್ಪನ್ನೋ ಹಿಡಿದ ಪ್ರಕರಣಗಳು. ಇವಕ್ಕಿಂತ ಆಳವಾದದ್ದು ಅಳತೆಗೋಲನ್ನೇ ಪ್ರಶ್ನಿಸಿದ ಟೀಕೆ. ದಿ ಟೆಕ್ ರಿಪೋರ್ಟ್‌ನ ಸಂಪಾದಕ ಸ್ಕಾಟ್ ವಾಸನ್ 2011ರಲ್ಲಿ ಬರೆದ ಲೇಖನವೊಂದರಲ್ಲಿ, ಸೆಕೆಂಡಿಗೆ ಇಷ್ಟು ಫ್ರೇಮು ಎಂಬ ಸರಾಸರಿ ಲೆಕ್ಕ ಆಟಗಾರನ ಅನುಭವವನ್ನು ಹೇಳುವುದೇ ಇಲ್ಲವೆಂದು ವಾದಿಸಿ, ಪ್ರತಿಯೊಂದು ಫ್ರೇಮಿಗೂ ಹಿಡಿದ ಸಮಯವನ್ನು ಬೇರೆ ಬೇರೆಯಾಗಿ ದಾಖಲಿಸುವ ವಿಧಾನವನ್ನು ಮುಂದಿಟ್ಟರು. ಒಂದು ಸೆಕೆಂಡಿನ 60 ಫ್ರೇಮುಗಳಲ್ಲಿ 59 ಫ್ರೇಮುಗಳು ತಲಾ 10 ಮಿಲಿಸೆಕೆಂಡಿನಲ್ಲಿ ಮುಗಿದು ಉಳಿದ ಒಂದು 410 ಮಿಲಿಸೆಕೆಂಡು ಹಿಡಿದರೆ ಸರಾಸರಿ 60 ಎಂದೇ ಬರುತ್ತದೆ, ಆದರೆ ಪರದೆಯ ಮುಂದೆ ಕುಳಿತವನಿಗೆ ಆಟವು ಅರ್ಧ ಸೆಕೆಂಡಿನ ಹತ್ತಿರ ನಿಂತೇಹೋದಂತೆ ಕಾಣುತ್ತದೆ. ಕಣ್ಣಿಗೆ ಗೊತ್ತಿದ್ದರೂ ಲೆಕ್ಕಕ್ಕೆ ಸಿಗದಿದ್ದ ಈ ತಡವರಿಕೆಯನ್ನು ಅಳೆಯಲು ತೊಡಗಿದಾಗ, ಎಎಂಡಿ ಕಂಪನಿಯ ಕೆಲವು ಕಾರ್ಡುಗಳು, ವಿಶೇಷವಾಗಿ ಎರಡು ಕಾರ್ಡು ಜೋಡಿಸಿದ ವ್ಯವಸ್ಥೆಗಳು, ಸರಾಸರಿಯಲ್ಲಿ ಮುಂದಿದ್ದರೂ ನಿಜದಲ್ಲಿ ಎಡವುತ್ತಿದ್ದುದು ಕಂಡಿತು. ಆ ಕಂಪನಿ 2013ರಲ್ಲಿ ತನ್ನ ಡ್ರೈವರುಗಳನ್ನು ತಿದ್ದಿತು, ಎನ್‌ವಿಡಿಯಾ ಅದೇ ವರ್ಷ ಇಂಥ ಅಳತೆಗೆಂದೇ ಒಂದು ಸಾಧನವನ್ನು ವಿಮರ್ಶಕರ ಕೈಗೆ ಕೊಟ್ಟಿತು. ಫ್ರೇಮುಗಳ ನಡುವಿನ ಸಮಯವನ್ನು ತೋರಿಸದ ಗ್ರಾಫಿಕ್ಸ್ ವಿಮರ್ಶೆಯನ್ನು ಇಂದು ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ. ಒಬ್ಬ ಟೀಕಾಕಾರನು ಒಂದು ಇಡೀ ಉದ್ಯಮಕ್ಕೆ ಕೊಡಬಹುದಾದ ಅತ್ಯುತ್ತಮ ಕೊಡುಗೆ ಇಂಥದು: ಅವನು ದೋಷವನ್ನು ಮಾತ್ರ ತೋರಿಸಲಿಲ್ಲ, ದೋಷ ಕಾಣುವಂತೆ ಮಾಡುವ ಕಣ್ಣನ್ನೇ ಎಲ್ಲರಿಗೂ ಕೊಟ್ಟ.

ಯಂತ್ರಾಂಶದಿಂದ ತಂತ್ರಾಂಶದ ಕಡೆ ತಿರುಗಿದರೆ ಪ್ರಶ್ನೆ ಜಟಿಲವಾಗುತ್ತದೆ, ಏಕೆಂದರೆ ವಿನ್ಯಾಸದ ಕುರಿತಾದ ಟೀಕೆಯನ್ನು ಭಾಗಾಕಾರದಂತೆ ನಿಮಿಷದಲ್ಲಿ ಪರೀಕ್ಷಿಸಲು ಬರುವುದಿಲ್ಲ. 1992ರ ಜನವರಿ 29ರಂದು ಆಂಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್, ಆಗಿನ್ನೂ ಒಂದು ವರ್ಷವೂ ತುಂಬದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಕಾಲಬಾಹಿರವಾದದ್ದೆಂದು ಬಹಿರಂಗವಾಗಿ ಘೋಷಿಸಿದರು. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಎಂಬ ಭಾಗವನ್ನು ಅದರ ಕರ್ತೃ ಲಿನಸ್ ಟೋರ್ವಾಲ್ಡ್ಸ್ ಒಂದೇ ದೊಡ್ಡ ಪ್ರೋಗ್ರಾಮಾಗಿ ಬರೆದಿದ್ದಾರೆ, ಅದನ್ನು ಪುಟ್ಟ ಪುಟ್ಟ ಪ್ರತ್ಯೇಕ ಭಾಗಗಳಾಗಿ ಒಡೆಯುವ ಮೈಕ್ರೋಕರ್ನಲ್ ವಿಧಾನವೇ ಸರಿ, ಜೊತೆಗೆ ಲಿನಕ್ಸ್ ಇಂಟೆಲ್‌ನ ಒಂದೇ ಬಗೆಯ ಪ್ರೊಸೆಸರಿಗೆ ಕಟ್ಟುಬಿದ್ದಿದೆ ಎಂಬುದು ಅವರ ಆಕ್ಷೇಪಗಳ ಸಾರ. ಮೊದಲ ಆಕ್ಷೇಪವನ್ನು ಕಾಲ ಎತ್ತಿಹಿಡಿಯಲಿಲ್ಲ. ಒಂದೇ ತುಂಡಿನ ಆ ಕರ್ನಲ್ ಇಂದು ಫೋನುಗಳಿಂದ ಸೂಪರ್‌ಕಂಪ್ಯೂಟರುಗಳವರೆಗೆ ಹರಡಿದೆ. ಎರಡನೆಯ ಆಕ್ಷೇಪ ಆ ದಿನ ನಿಜವೇ ಆಗಿತ್ತು. ಮುಂದೆ ಆಲ್ಫಾ ಎಂಬ ಬೇರೆ ಬಗೆಯ ಪ್ರೊಸೆಸರಿಗೆ ಲಿನಕ್ಸನ್ನು ಒಗ್ಗಿಸುವ ಕೆಲಸದಲ್ಲಿ ಯಂತ್ರಕ್ಕೆ ಅಂಟಿದ ಭಾಗಗಳನ್ನು ಬೇರ್ಪಡಿಸಿ, 1996ರ 2.0 ಆವೃತ್ತಿಯ ಹೊತ್ತಿಗೆ ಅದನ್ನು ಹಲವು ಯಂತ್ರಗಳ ಮೇಲೆ ನಡೆಯುವಂತೆ ಮಾಡಲಾಯಿತು. ಟೀಕಾಕಾರನ ತೀರ್ಮಾನ ತಪ್ಪಾದಾಗಲೂ ಅವನ ಆಕ್ಷೇಪ ಕೆಲಸಕ್ಕೆ ಬರಬಹುದು ಎಂಬುದು ಈ ವಾಗ್ವಾದದಿಂದ ಸಿಗುವ ತಿಳಿವಳಿಕೆ. ಟನೆನ್‌ಬಾಮ್ ಅವರೇ ಬರೆದಿದ್ದ ಮಿನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಕೂಡ ಸೋತು ಮರೆಯಾಗಲಿಲ್ಲ: ಅದರ ಮೂರನೆಯ ಪೀಳಿಗೆಯ ರೂಪವನ್ನು ಇಂಟೆಲ್ ತನ್ನ ಪ್ರೊಸೆಸರುಗಳ ಜೊತೆಗಿನ ನಿರ್ವಹಣಾ ಘಟಕದಲ್ಲಿ ಅಡಗಿಸಿಟ್ಟಿದ್ದುದು 2017ರಲ್ಲಿ ಹೊರಬಿದ್ದಾಗ, ಅದರ ಕರ್ತೃವಿಗೂ ಅಲ್ಲಿಯವರೆಗೆ ಆ ಸಂಗತಿ ತಿಳಿದಿರಲಿಲ್ಲ.

ಟೀಕಾಕಾರ ಸರಿಯಾಗಿದ್ದೂ ಎಲ್ಲರ ಸಿಟ್ಟಿಗೆ ಗುರಿಯಾದ ಪ್ರಕರಣ ಬಿಟ್‌ಕೀಪರಿನದು. ಸಾವಿರಾರು ಜನ ಬರೆಯುವ ಸೋರ್ಸ್ ಕೋಡಿನ ಬದಲಾವಣೆಗಳನ್ನು ಯಾರು, ಯಾವಾಗ, ಏಕೆ ಮಾಡಿದರೆಂಬ ಲೆಕ್ಕ ಇಡುವ ತಂತ್ರಾಂಶ ಅದು. ಅದರ ಒಡೆತನ ಒಂದು ಖಾಸಗಿ ಕಂಪನಿಯದಾಗಿದ್ದರೂ, 2002ರಿಂದ ಲಿನಕ್ಸ್ ಕರ್ನಲಿನ ಕೆಲಸ ಅದರ ಉಚಿತ ಆವೃತ್ತಿಯ ಮೇಲೆ ನಡೆಯತೊಡಗಿತು. ಪರವಾನಗಿಯ ಷರತ್ತುಗಳು ಯಾವಾಗ ಬೇಕಾದರೂ ಬಿಗಿಯಾಗಬಹುದು, ಪರರ ಮನೆಯ ಬೀಗದ ಕೈ ನಂಬಿ ಸ್ವಂತ ಬೆಳೆಯನ್ನು ಅಲ್ಲಿ ಕೂಡಿಡಬಾರದು ಎಂಬ ಅರ್ಥದಲ್ಲಿ ಮುಕ್ತ ತಂತ್ರಾಂಶದ ಪ್ರತಿಪಾದಕ ರಿಚರ್ಡ್ ಸ್ಟಾಲ್‌ಮನ್ ಮತ್ತು ಇತರರು ಎಚ್ಚರಿಸಿದಾಗ, ಕೆಲಸ ಮಾಡುವವರಿಗೆ ಅಡ್ಡಿಪಡಿಸುವ ಸಿದ್ಧಾಂತವಾದಿಗಳೆಂದು ಅವರನ್ನು ಬದಿಗಿಡಲಾಯಿತು. 2005ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಬಿಟ್‌ಕೀಪರ್ ಸರ್ವರಿನೊಡನೆ ಮಾತನಾಡಬಲ್ಲ ಮುಕ್ತ ಸಾಧನವೊಂದನ್ನು ಬರೆಯಲು ತೊಡಗಿದಾಗ ಕಂಪನಿಯು ಉಚಿತ ಆವೃತ್ತಿಯನ್ನೇ ಹಿಂತೆಗೆದುಕೊಂಡಿತು, ಮತ್ತು ಟೋರ್ವಾಲ್ಡ್ಸ್ ತಮ್ಮ ಸಿಟ್ಟನ್ನು ತಿರುಗಿಸಿದ್ದು ಕಂಪನಿಯ ಕಡೆಗಲ್ಲ, ಟ್ರಿಜೆಲ್ ಕಡೆಗೆ. ಅದೇ ವರ್ಷದ ಏಪ್ರಿಲಿನಲ್ಲಿ ಕ್ಯಾನ್‌ಬೆರಾದ ಸಮ್ಮೇಳನವೊಂದರಲ್ಲಿ ಟ್ರಿಜೆಲ್ ತಾವು ಮಾಡಿದ್ದೇನೆಂದು ತೋರಿಸಿದರು: ಸರ್ವರಿಗೆ ಸಂಪರ್ಕ ಕಲ್ಪಿಸಿ ಸಹಾಯ ಎಂಬರ್ಥದ ಹೆಲ್ಪ್ ಎಂಬ ಪದವನ್ನು ಟೈಪ್ ಮಾಡಿದಾಗ, ತನಗೆ ಗೊತ್ತಿರುವ ಆಜ್ಞೆಗಳ ಪಟ್ಟಿಯನ್ನು ಅದೇ ಹೇಳಿಬಿಡುತ್ತಿತ್ತು. ಬಿಟ್‌ಕೀಪರ್ ಕೈತಪ್ಪಿದ ಆ ಇಕ್ಕಟ್ಟಿನಲ್ಲಿ ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಬರೆದ ಗಿಟ್ ಎಂಬ ಬದಲಿ ಸಾಧನ ಇಂದು ಬೆಂಗಳೂರಿನ ಕಚೇರಿಗಳೂ ಸೇರಿ ಜಗತ್ತಿನ ಬಹುಪಾಲು ಪ್ರೋಗ್ರಾಮರುಗಳ ದಿನನಿತ್ಯದ ಉಪಕರಣವಾಗಿದೆ. ಎಚ್ಚರಿಸಿದವರ ಮಾತನ್ನು ಮೂರು ವರ್ಷ ಮೊದಲೇ ಕೇಳಿದ್ದರೆ ಆ ಇಕ್ಕಟ್ಟೂ ಅದರ ಕಹಿಯೂ ಇಲ್ಲದೆಯೇ ಇಂಥ ಸಾಧನ ಹುಟ್ಟಬಹುದಾಗಿತ್ತು.

ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ಸ್ಥಾಪಕ ಥಿಯೊ ಡಿ ರಾಟ್ ಅವರ ವೃತ್ತಾಂತದಲ್ಲಿ ಈ ಪ್ರಶ್ನೆಯ ಎರಡೂ ಮುಖಗಳು ಒಟ್ಟಿಗೆ ಕಾಣುತ್ತವೆ. ಇತರರೊಡನೆ ನಡೆದುಕೊಳ್ಳುತ್ತಿದ್ದ ರೀತಿಯ ಕಾರಣಕ್ಕೆ 1994ರ ಡಿಸೆಂಬರಿನಲ್ಲಿ ನೆಟ್‌ಬಿಎಸ್‌ಡಿ ತಂಡ ಅವರನ್ನು ಹೊರಗೆ ಕಳುಹಿಸಿತು. ಅವರು ಮರುವರ್ಷ ಆರಂಭಿಸಿದ ಯೋಜನೆಯಿಂದಲೇ 1999ರಲ್ಲಿ ಓಪನ್‌ಎಸ್‌ಎಸ್‌ಎಚ್ ಬಂದಿತು, ದೂರದ ಯಂತ್ರಗಳಿಗೆ ಸುರಕ್ಷಿತವಾಗಿ ಪ್ರವೇಶಿಸಲು ಇಂದು ಬಹುತೇಕ ಎಲ್ಲ ಸರ್ವರುಗಳೂ ಅದನ್ನು ಬಳಸುತ್ತವೆ. 2007ರಲ್ಲಿ ಅವರು ಇಂಟೆಲ್‌ನ ಆಗಿನ ಕೋರ್ 2 ಪ್ರೊಸೆಸರುಗಳ ದೋಷಪಟ್ಟಿಯನ್ನು ಓದಿ, ಇವುಗಳಲ್ಲಿ ಕೆಲವು ದಾಳಿಕೋರರಿಗೆ ಬಾಗಿಲು ತೆರೆಯುವಂಥವೆಂದು ಕಟುವಾಗಿ ಬರೆದಾಗ ಅದನ್ನು ಅತಿರೇಕವೆಂದು ಕಂಡವರಿದ್ದರು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ದೋಷಗಳು, ಎಂದರೆ ಪ್ರೊಸೆಸರ್ ಮುಂದಿನ ಕೆಲಸವನ್ನು ಊಹಿಸಿ ಮೊದಲೇ ಮಾಡಿಡುವ ಜಾಣ್ಮೆಯನ್ನು ದುರುಪಯೋಗಪಡಿಸಿ ಗುಟ್ಟಿನ ಮಾಹಿತಿ ಕದಿಯುವ ದಾರಿಗಳು, ಪ್ರಕಟವಾದವು. ಅವು 2007ರ ಪಟ್ಟಿಯಲ್ಲಿದ್ದ ದೋಷಗಳೇ ಅಲ್ಲ. ಆದರೆ ಪ್ರೊಸೆಸರನ್ನು ಪ್ರಶ್ನಾತೀತವೆಂದು ಭಾವಿಸುವುದು ಅಪಾಯಕಾರಿ ಎಂಬ ಮೂಲ ವಾದ 2018ರಲ್ಲಿ ಸಾಬೀತಾಯಿತು. ಅದೇ ವರ್ಷದ ಜೂನಿನಲ್ಲಿ ಓಪನ್‌ಬಿಎಸ್‌ಡಿ ಇಂಟೆಲ್ ಪ್ರೊಸೆಸರುಗಳಲ್ಲಿನ ಹೈಪರ್‌ಥ್ರೆಡಿಂಗ್ ಎಂಬ, ಒಂದೇ ತಿರುಳನ್ನು ಎರಡಾಗಿ ಬಳಸುವ ಸೌಲಭ್ಯವನ್ನು ಮುನ್ನೆಚ್ಚರಿಕೆಯಾಗಿ ಸ್ಥಗಿತಗೊಳಿಸಿತು. ಎರಡು ತಿಂಗಳಲ್ಲಿ ಪ್ರಕಟವಾದ ಮತ್ತೊಂದು ದೋಷ ಆ ಎಚ್ಚರಿಕೆಯನ್ನು ಸಮರ್ಥಿಸಿತು.

ಇಂಥ ಉದಾಹರಣೆಗಳಿಂದ ಪ್ರತಿಭಾವಂತನಿಗೆ ಒರಟುತನ ಕ್ಷಮ್ಯವೆಂಬ ತೀರ್ಮಾನಕ್ಕೆ ಹಾರುವುದು ಗಣಕಪ್ರಿಯರ ಸಮುದಾಯಗಳ ಹಳೆಯ ದೌರ್ಬಲ್ಯ. ಡಿ ರಾಟ್ ಅವರ ಮಾತು ಸರಿಯಾದದ್ದು ಅವರು ದೋಷಪಟ್ಟಿಯನ್ನು ಸಾಲು ಸಾಲಾಗಿ ಓದಿದ್ದರಿಂದ. ಬೈಗುಳ ಸೇರಿದ್ದರಿಂದ ಆ ಓದು ಒಂದಿಷ್ಟೂ ಆಳವಾಗಲಿಲ್ಲ. ಲಿನಕ್ಸ್ ಕರ್ನಲಿನ ತಂಡದೊಳಗೆ ಬೈಗುಳದ ಭಾಷೆಯನ್ನು ನಿಲ್ಲಿಸಬೇಕೆಂದು 2013ರಲ್ಲಿ ಬಹಿರಂಗವಾಗಿ ಕೇಳಿದ ಅಭಿವರ್ಧಕರೊಬ್ಬರು ಎರಡು ವರ್ಷಗಳ ನಂತರ ಅದೇ ಕಾರಣಕ್ಕೆ ಆ ಕೆಲಸವನ್ನು ಬಿಟ್ಟರು. ಆ ಕೇಳಿಕೆಯೂ ಒಂದು ನಿಷ್ಠುರ ಟೀಕೆಯೇ ಆಗಿತ್ತು, ಮತ್ತು ನೇರನುಡಿಯನ್ನು ತನ್ನ ಹೆಮ್ಮೆಯೆಂದು ಹೇಳಿಕೊಳ್ಳುತ್ತಿದ್ದ ಸಮುದಾಯ ತನ್ನ ಕುರಿತಾದ ನೇರನುಡಿಯನ್ನು ಆಗ ಸಹಿಸಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಟೋರ್ವಾಲ್ಡ್ಸ್ ತಮ್ಮ ವರ್ತನೆಗಾಗಿ ಕ್ಷಮೆ ಕೇಳಿ ಕೆಲವು ವಾರ ದೂರ ಉಳಿದರು, ಯೋಜನೆಯು ನಡವಳಿಕೆಯ ಸಂಹಿತೆಯೊಂದನ್ನು ಅಂಗೀಕರಿಸಿತು. ಅದರಿಂದ ತಾಂತ್ರಿಕ ಟೀಕೆಯ ಮೊನೆ ಮೊಂಡಾಗುತ್ತದೆ ಎಂದು ಆಗ ಅಂಜಿದವರಿದ್ದರು. ಆನಂತರವೂ ಕರ್ನಲಿಗೆ ಬರುವ ಕೋಡು ಮೊದಲಿನಷ್ಟೇ ಬಿಗಿಯಾದ ಪರಿಶೀಲನೆಯಲ್ಲಿ ತಿರಸ್ಕೃತವಾಗುತ್ತ, ತಿದ್ದಲ್ಪಡುತ್ತ ಬಂದಿದೆ.

ಒತ್ತಡ ಹೇರುವ ಮಾತೆಲ್ಲ ಟೀಕೆಯಲ್ಲ ಎಂಬುದಕ್ಕೆ ಇತ್ತೀಚಿನ ಮತ್ತು ಅತ್ಯಂತ ಕಳವಳಕಾರಿ ಸಾಕ್ಷ್ಯ 2024ರದು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶ ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲಿ ಇರುತ್ತದೆ, ಮತ್ತು ಅದನ್ನು ವರ್ಷಗಟ್ಟಲೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಯಾರಿಗೂ ಪರಿಚಯವಿಲ್ಲದ ಕೆಲವು ಹೆಸರುಗಳು ಕಾಣಿಸಿಕೊಂಡು, ಕೆಲಸ ನಿಧಾನವಾಗಿದೆ, ಬೇರೆಯವರಿಗೆ ಅಧಿಕಾರ ಕೊಡಬೇಕು ಎಂದು ಆ ನಿರ್ವಾಹಕರನ್ನು ಪದೇ ಪದೇ ದೂರಿದವು. ಕ್ರಮೇಣ ಜಿಯಾ ಟಾನ್ ಎಂಬ ಹೆಸರಿನ, ನಿಜದಲ್ಲಿ ಯಾರೆಂದು ತಿಳಿಯದ ಸಹಾಯಕನಿಗೆ ಅಧಿಕಾರ ದಕ್ಕಿತು. 2024ರ ಆರಂಭದ ಆವೃತ್ತಿಗಳಲ್ಲಿ ಆ ವ್ಯಕ್ತಿ ಓಪನ್‌ಎಸ್‌ಎಸ್‌ಎಚ್ ಮೂಲಕ ಸರ್ವರುಗಳೊಳಗೆ ನುಸುಳುವ ಕಳ್ಳದಾರಿಯನ್ನು ಅಡಗಿಸಿಟ್ಟ. ಅದನ್ನು ಹಿಡಿದವರು ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ವ್ಯವಸ್ಥೆಯ ಅಭಿವರ್ಧಕ ಆಂಡ್ರೆಸ್ ಫ್ರಾಯಿಂಡ್. ಸರ್ವರಿಗೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದು ಏಕೆಂದು ಅವರು ಬೆನ್ನು ಹತ್ತಿ ಹೋಗಿ, ಮಾರ್ಚ್ 29ರಂದು ಪುರಾವೆ ಸಮೇತ ಪ್ರಕಟಿಸಿದರು. 2022ರ ಆ ದೂರುಗಳಿಗೂ ಫ್ರಾಯಿಂಡ್ ಅವರ ವರದಿಗೂ ಇರುವ ಅಂತರ ಈ ಸಮೀಕ್ಷೆಯ ಕೇಂದ್ರದಲ್ಲಿದೆ. ದೂರಿದವರು ವ್ಯಕ್ತಿಯನ್ನು ಗುರಿಯಾಗಿಸಿದರು, ಪರೀಕ್ಷಿಸಬಹುದಾದ ಒಂದು ಸಂಗತಿಯನ್ನೂ ಕೊಡಲಿಲ್ಲ, ಒಂದು ಸಾಲಿನ ಕೋಡನ್ನೂ ತಿದ್ದಲಿಲ್ಲ. ಫ್ರಾಯಿಂಡ್ ಯಾರನ್ನೂ ದೂರದೆ, ಓದಿದ ಯಾರು ಬೇಕಾದರೂ ಅದೇ ದಿನ ಪರಿಶೀಲಿಸಬಹುದಾದ ಸಾಕ್ಷ್ಯವನ್ನು ಮುಂದಿಟ್ಟರು. ಬೇಸತ್ತ ಸ್ವಯಂಸೇವಕನೊಬ್ಬನಿಗೆ ಈ ಅಂತರವನ್ನು ಗುರುತಿಸಲು ಬೇಕಾದ ವ್ಯವಧಾನವನ್ನು ಒದಗಿಸುವುದು ಅವನ ದುಡಿಮೆಯ ಫಲವನ್ನು ಉಣ್ಣುವ ಸಮುದಾಯದ ಹೊಣೆ.

ಭಾರತದಲ್ಲಿ ಇಂಥ ಟೀಕೆಗೆ ಎದುರಾಗುವ ಅಡ್ಡಿ ಬಹುಪಾಲು ಕಾನೂನಿನ ಬೆದರಿಕೆಯ ರೂಪದಲ್ಲಿ ಬರುತ್ತದೆ. 2015ರ ಜೂನಿನಲ್ಲಿ ಬೆಂಗಳೂರಿನ ಪ್ರೋಗ್ರಾಮರೊಬ್ಬರು ತಮ್ಮ ಏರ್‌ಟೆಲ್ 3ಜಿ ಸಂಪರ್ಕದಲ್ಲಿ ತೆರೆದ ಪುಟಗಳೊಳಗೆ, ಆ ಪುಟ ಬರೆದವರೂ ಓದುವವರೂ ಕೇಳದ ಒಂದು ತುಣುಕು ಕೋಡು ಸೇರುತ್ತಿರುವುದನ್ನು ಗಮನಿಸಿ, ಅದನ್ನು ಯಥಾವತ್ತಾಗಿ ಸಾರ್ವಜನಿಕರ ಮುಂದಿಟ್ಟರು. ಆ ಕೋಡಿನ ಒಡೆತನ ಹೊಂದಿದ್ದ ಇಸ್ರೇಲಿನ ಕಂಪನಿಯಿಂದ ಅವರಿಗೆ ವಕೀಲರ ನೋಟಿಸು ಬಂದಿತು. ಗ್ರಾಹಕರಿಗೆ ತಮ್ಮ ಡೇಟಾ ಬಳಕೆ ತಿಳಿಸುವ ಪ್ರಯೋಗವಷ್ಟೇ ಅದು ಎಂದು ಏರ್‌ಟೆಲ್ ಹೇಳಿತು. ಆದರೆ ಅಷ್ಟರಲ್ಲಿ ಸಂಗತಿ ಬಯಲಾಗಿತ್ತು, ಮತ್ತು ನೋಟಿಸಿನಿಂದಲೇ ಅದು ಇನ್ನಷ್ಟು ಜನರನ್ನು ತಲುಪಿತು. ಕನ್ನಡದ ಗಣಕ ಬಳಕೆಯ ಚರಿತ್ರೆಯಲ್ಲೂ ಇಂಥ ದನಿಗಳಿವೆ. ಒಂದೊಂದು ತಂತ್ರಾಂಶವೂ ತನ್ನದೇ ಅಕ್ಷರಸಂಕೇತ ಬಳಸುತ್ತಿದ್ದ ಕಾಲದಲ್ಲಿ, ಒಂದು ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಎಂಬ ಸರ್ವಭಾಷಾ ಸಂಕೇತಕ್ರಮಕ್ಕೆ ಬೇಗ ಬದಲಾಗದಿದ್ದರೆ ಕನ್ನಡದ ದಾಖಲೆಗಳನ್ನು ಹುಡುಕಲಾಗದು, ಉಳಿಸಿಕೊಳ್ಳಲಾಗದು ಎಂದು ಬೇಸರವಿಲ್ಲದೆ ವಾದಿಸಿದ ಕೆಲವರಿಂದಾಗಿ ಇಂದಿನ ಓದುಗ ಫೋನಿನಲ್ಲೂ ಕನ್ನಡವನ್ನು ಅಡೆತಡೆಯಿಲ್ಲದೆ ಓದುವಂತಾಗಿದೆ. ಸಾಹಿತಿಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಕುರಿತ ಅಧಿಕೃತ ಉದಾಸೀನವನ್ನು ಮುಲಾಜಿಲ್ಲದೆ ಪ್ರಶ್ನಿಸಿದ್ದರು. ಸರ್ಕಾರಿ ಕಚೇರಿಗಳ ಹಳೆಯ ಸಂಕೇತದ ಕಡತಗಳ ವಿಷಯದಲ್ಲಿ ಆ ವಾದದ ಕೆಲಸ ಇನ್ನೂ ಮುಗಿದಿಲ್ಲ.

ಟೀಕಾಕಾರನ ಸ್ವಾತಂತ್ರ್ಯಕ್ಕೆ ಒಂದು ಆರ್ಥಿಕ ನೆಲೆಯೂ ಬೇಕು, ಮತ್ತು ಇತ್ತೀಚಿನ ವರ್ಷಗಳಲ್ಲಿ ಕುಸಿಯುತ್ತಿರುವುದು ಅದೇ. ಹೊಸ ಕಾರ್ಡು ಮಾರುಕಟ್ಟೆಗೆ ಬರುವ ದಿನವೇ ವಿಮರ್ಶೆ ಪ್ರಕಟವಾಗಬೇಕಾದರೆ ತಯಾರಕರು ಮೊದಲೇ ಕಳುಹಿಸುವ ಮಾದರಿಯನ್ನು ಅವಲಂಬಿಸಲೇಬೇಕು. 2020ರ ಡಿಸೆಂಬರಿನಲ್ಲಿ ಎನ್‌ವಿಡಿಯಾ ಆಸ್ಟ್ರೇಲಿಯಾದ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ತಂಡಕ್ಕೆ, ಅವರ ವಿಮರ್ಶೆಯ ಒತ್ತು ತನಗೆ ಬೇಕಾದ ಕಡೆ ಇಲ್ಲವೆಂಬ ಕಾರಣ ಕೊಟ್ಟು, ಇನ್ನು ಮಾದರಿ ಕಳುಹಿಸುವುದಿಲ್ಲವೆಂದು ತಿಳಿಸಿತು. ಪ್ರತಿಸ್ಪರ್ಧಿ ವಿಮರ್ಶಕರೂ ಸೇರಿ ಪ್ರತಿಭಟಿಸಿದ್ದರಿಂದ ದಿನಗಳಲ್ಲೇ ಹಿಂದೆ ಸರಿಯಿತು. ಅಂದು ಕಂಡ ಆ ಒಗ್ಗಟ್ಟು ಪರಸ್ಪರ ಟೀಕೆಗೆ ಅಡ್ಡಿಯಾಗಲಿಲ್ಲ: 2023ರ ಆಗಸ್ಟಿನಲ್ಲಿ ಗೇಮರ್ಸ್ ನೆಕ್ಸಸ್ ಎಂಬ ವಿಮರ್ಶಕ ತಂಡ, ತನಗಿಂತ ಬಹಳ ದೊಡ್ಡದಾದ ಲೈನಸ್ ಟೆಕ್ ಟಿಪ್ಸ್ ಸಂಸ್ಥೆಯ ಅಳತೆಗಳಲ್ಲಿನ ತಪ್ಪುಗಳನ್ನು ಒಂದೊಂದಾಗಿ ತೋರಿಸಿದ ಮೇಲೆ ಆ ಸಂಸ್ಥೆ ತನ್ನ ಕೆಲಸವನ್ನು ಸುಮಾರು ಒಂದು ವಾರ ನಿಲ್ಲಿಸಿ ವಿಧಾನಗಳನ್ನು ತಿದ್ದಿಕೊಳ್ಳಬೇಕಾಯಿತು.

ಆದರೆ ಹಿಂದಿನ ತಲೆಮಾರಿನ ಅಳತೆಗಾರರಲ್ಲಿ ಅನೇಕರು ತಾವು ಅಳೆಯುತ್ತಿದ್ದ ಕಂಪನಿಗಳನ್ನೇ ಸೇರಿದ್ದಾರೆ. ಆನಂದ್‌ಟೆಕ್ ಎಂಬ ವಿಮರ್ಶಾ ತಾಣದ ಸ್ಥಾಪಕ ಆನಂದ್ ಲಾಲ್ ಶಿಂಪಿ 2014ರಲ್ಲಿ ಆ್ಯಪಲ್‌ಗೆ, ಫ್ರೇಮು ಸಮಯದ ಅಳತೆ ತಂದ ವಾಸನ್ ಅದರ ಮರುವರ್ಷದ ಕೊನೆಗೆ ಎಎಂಡಿಗೆ, ಕ್ವೇಕ್ ಪ್ರಕರಣ ಬಯಲು ಮಾಡಿದ ಹಾರ್ಡ್‌ಓಸಿಪಿಯ ಕೈಲ್ ಬೆನೆಟ್ 2019ರಲ್ಲಿ ಇಂಟೆಲ್‌ಗೆ ಹೋದರು. ಅವರನ್ನು ದೂಷಿಸುವಂತಿಲ್ಲ, ಆ ಕಂಪನಿಗಳ ಒಳಗೆ ಅವರ ತಿಳಿವಳಿಕೆಯಿಂದ ಉತ್ಪನ್ನಗಳು ಸುಧಾರಿಸಿರಲೂಬಹುದು. ಆದರೆ ಹೊರಗೆ ತೆರವಾದ ಜಾಗ ತುಂಬುವುದು ಸುಲಭವಲ್ಲ. 1997ರಿಂದ ನಡೆದಿದ್ದ ಆನಂದ್‌ಟೆಕ್ 2024ರ ಆಗಸ್ಟ್ 30ರಂದು ಪ್ರಕಟಣೆ ನಿಲ್ಲಿಸಿತು.

ಇದರ ಜೊತೆಗೆ ಯಂತ್ರವೇ ಮೇಜಿನಿಂದ ದೂರ ಸರಿಯುತ್ತಿದೆ. 2025ರ ಫೆಬ್ರವರಿಯಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಕೆಲವು ಕಾರ್ಡುಗಳಲ್ಲಿ ಚಿತ್ರವನ್ನು ಅಂತಿಮ ರೂಪಕ್ಕೆ ತರುವ ಎಂಟು ಘಟಕಗಳು ಕಡಿಮೆಯಿರುವುದನ್ನು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಸಣ್ಣ ತಂತ್ರಾಂಶವೊಂದರ ನೆರವಿನಿಂದ ಗಣಕಪ್ರಿಯರು ಹಿಡಿದರು, ಮತ್ತು ಕಂಪನಿಯು ಅರ್ಧ ಶೇಕಡಾದಷ್ಟು ಕಾರ್ಡುಗಳಲ್ಲಿ ದೋಷವಿದೆಯೆಂದು ಒಪ್ಪಿ ಬದಲಿಸಿಕೊಟ್ಟಿತು. ಆದರೆ ಅದೇ ಕಂಪನಿಯ ಬಹುಪಾಲು ಆದಾಯ ಇಂದು ಬರುವುದು ಕೃತಕ ಬುದ್ಧಿಮತ್ತೆಗೆಂದು ದತ್ತಾಂಶ ಕೇಂದ್ರಗಳಿಗೆ ಮಾರುವ ಚಿಪ್ಪುಗಳಿಂದ. ಅವುಗಳ ಬೆಲೆ ಹವ್ಯಾಸಿಯ ಕೈಗೆ ಎಟುಕದು, ಅವುಗಳ ಮೇಲೆ ನಡೆಯುವ ಸೇವೆಗಳ ಕೋಡು ಹೊರಗಿನವರಿಗೆ ಕಾಣದು. ಅಂಥ ಯಂತ್ರಗಳ ಕುರಿತು ಮಾಡಿದ ಹೇಳಿಕೆಯನ್ನು ಲಿಂಚ್‌ಬರ್ಗಿನ ಗಣಿತಜ್ಞನಂತೆ ಒಬ್ಬ ಹೊರಗಿನವನು ಪರೀಕ್ಷಿಸಬೇಕಾದರೆ ವಿಶ್ವವಿದ್ಯಾಲಯಗಳು, ಗ್ರಂಥಾಲಯಗಳು, ಸಾರ್ವಜನಿಕ ಪ್ರಯೋಗಾಲಯಗಳು ಅವನಿಗೆ ಯಂತ್ರದ ಸಮಯವನ್ನೂ ಕಾನೂನಿನ ರಕ್ಷಣೆಯನ್ನೂ ಒದಗಿಸಬೇಕಾಗುತ್ತದೆ.